ಹಾಲುಹಲ್ಲು ಬೀಳುವ ತನಕ ಪಟ್ಟು ಬೇಡ: ಅವಳಿನಗರಕ್ಕೆ ಒಂದು ಬಹಿರಂಗ ಪತ್ರ

ಧಾರವಾಡ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧಿಕಾರಿಗಳಿಗೆ, ಹುಬ್ಬಳ್ಳಿ-ಧಾರವಾಡದಲ್ಲಿ ನರ್ಸರಿ, ಎಲ್‌ಕೆಜಿ, ಯುಕೆಜಿ ನಡೆಸುತ್ತಿರುವವರಿಗೆ ಮತ್ತು ಅಲ್ಲಿಗೆ ಮಕ್ಕಳನ್ನು ಕಳುಹಿಸುವ ಪಾಲಕರಿಗೆ,

ಮಾನ್ಯರೇ,

ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ನಮ್ಮ ಊರಿನ ಗೋಡೆ, ಕಂಬಗಳೆಲ್ಲ ಶಾಲೆಗಳ ಫ್ಲೆಕ್ಸ್ ಉಟ್ಟುಕೊಂಡು ನಿಲ್ಲುತ್ತವೆ. ಈ ಸಲ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೊರಟಿದ್ದೆ. ಉಣಕಲ್ ಕೆರೆ ದಾಟುತ್ತಿದ್ದಂತೆ ಒಂದು ಫ್ಲೆಕ್ಸ್ ಕಣ್ಣಿಗೆ ಬಿತ್ತು. ಬಿಳಿ ಕರಾಟೆ ಉಡುಪು ತೊಟ್ಟ ಪುಟ್ಟ ಹುಡುಗಿ. ಹಾಲುಹಲ್ಲು ಬಿಟ್ಟು ನಗಬೇಕಾದ ವಯಸ್ಸಿನವಳು ಹುಬ್ಬು ಗಂಟಿಕ್ಕಿ ಮುಷ್ಟಿ ಚಾಚಿದ್ದಾಳೆ. ಕೆಳಗೆ ಕೆಂಪು ಅಕ್ಷರದಲ್ಲಿ ಎರಡು ಸಾಲು: ‘ಮೂರೂವರೆ ವರ್ಷದಿಂದಲೇ ಕರಾಟೆ. ನಿಮ್ಮ ಮಗುವಿನ ರಕ್ಷಣೆ ನಿಮ್ಮ ಮಗುವಿನ ಕೈಯಲ್ಲೇ.’

ನಾನು 23 ವರ್ಷಗಳಿಂದ ಇದೇ ಊರಿನಲ್ಲಿ ಕರಾಟೆ ಕಲಿಸುತ್ತಿರುವವಳು. ನಮ್ಮ ಕಸುಬಿಗೆ ಬೇಡಿಕೆ ಬಂದಿದೆ ಎಂದು ಖುಷಿಪಡಬೇಕಾಗಿತ್ತು. ಅದರ ಬದಲು ನವನಗರ ಬರುವ ತನಕ ಆ ಎರಡನೇ ಸಾಲು ಹೊಟ್ಟೆಯಲ್ಲಿ ತಿರುಚುತ್ತಲೇ ಇತ್ತು.

ಪುಟ್ಟ ಮಕ್ಕಳಿಗೆ ಕರಾಟೆ ಬೇಡವೇ ಬೇಡ ಎಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಶನಿವಾರ ಬೆಳಿಗ್ಗೆ ನನ್ನ ಹತ್ತಿರವೂ ನಾಲ್ಕರಿಂದ ಆರು ವರ್ಷದ ಹನ್ನೆರಡು ಮಕ್ಕಳು ಬರುತ್ತಾರೆ. ವಾರದ ಉಳಿದ ವರ್ಗಗಳಿಗಿಂತ ಆ ಮುಕ್ಕಾಲು ತಾಸಿಗೇ ನಾನು ಹೆಚ್ಚು ಕಾಯುತ್ತೇನೆ ಎಂಬುದನ್ನು ಒಪ್ಪಿಕೊಳ್ಳಲು ಸಂಕೋಚವಿಲ್ಲ. ನನ್ನ ತಕರಾರು ಇರುವುದು ‘ರಕ್ಷಣೆ’ ಎಂಬ ಮಾತಿನ ಮೇಲೆ.

ನಾಲ್ಕು ವರ್ಷದ ಮಗುವಿನ ತೂಕ ಸುಮಾರು 16 ಕಿಲೋ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಆ ವಯಸ್ಸಿಗೆ ಕಾಣುವ ನಡುವಿನ ಅಂಕಿ ಅದು. ನಮ್ಮ ಅಂಗನವಾಡಿಯ ತಕ್ಕಡಿಯಲ್ಲಿ ಎಷ್ಟೋ ಮಕ್ಕಳು ಅಷ್ಟೂ ತೂಗುವುದಿಲ್ಲ. ಎತ್ತರ ಮೂರು ಅಡಿ ನಾಲ್ಕು ಇಂಚು. ಕಿರಾಣಿ ಅಂಗಡಿಯಿಂದ ತರುವ 25 ಕಿಲೋದ ಅಕ್ಕಿ ಚೀಲ ಇದಕ್ಕಿಂತ ಭಾರ. ಒಲಿಂಪಿಕ್ ಜೂಡೊದ ವೈಯಕ್ತಿಕ ಪಂದ್ಯದಲ್ಲಿ 60 ಕಿಲೋ ವಿಭಾಗದವನನ್ನು 73 ಕಿಲೋ ವಿಭಾಗದವನ ಎದುರು ನಿಲ್ಲಿಸುವುದಿಲ್ಲ. ಅವರಿಬ್ಬರೂ ಹತ್ತಾರು ವರ್ಷ ಮೈ ಹುರಿಗೊಳಿಸಿದವರು, ಆದರೂ ಅಷ್ಟು ಅಂತರ ಅನ್ಯಾಯವೆಂದು ಆಟದ ನಿಯಮವೇ ಹೇಳುತ್ತದೆ. ಹಾಗಿರುವಾಗ 16 ಕಿಲೋದ ಮಗು 70 ಕಿಲೋದ ಮನುಷ್ಯನಿಂದ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ ಎಂದು ಫ್ಲೆಕ್ಸ್ ಹಾಕಿ ಮಾರುವುದಕ್ಕೆ ಏನೆನ್ನಬೇಕು? ನಾನಂತೂ ಸುಳ್ಳು ಎನ್ನುತ್ತೇನೆ.

ಇನ್ನೂ ಕೆಟ್ಟದ್ದೆಂದರೆ ಅದು ನಂಬಲು ಹಿತವಾದ ಸುಳ್ಳು. ಬೆಳಗಾದರೆ ಪತ್ರಿಕೆಯಲ್ಲಿ ಎಳೆಯ ಮಕ್ಕಳ ಮೇಲಿನ ದೌರ್ಜನ್ಯದ ಸುದ್ದಿ ಓದುವ ತಾಯಿಗೆ ಏನಾದರೂ ಮಾಡಬೇಕು ಅನ್ನಿಸುತ್ತದೆ. ತಿಂಗಳಿಗಿಷ್ಟು ಶುಲ್ಕ ಕಟ್ಟಿ ಮಗುವಿಗೆ ಬಿಳಿ ಉಡುಪು ತೊಡಿಸಿದರೆ ಎದೆ ಹಗುರಾಗುತ್ತದೆ. ಆದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಡಿ ದಾಖಲಾಗುವ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಮೊದಲೇ ಗೊತ್ತಿದ್ದವರು. ಮಗು ಕಾಕಾ ಎಂದು, ಮಾಮಾ ಎಂದು, ಸರ್ ಎಂದು ಕರೆಯುವವರು. ಚಾಕೊಲೇಟು ಕೊಟ್ಟು ತೊಡೆಯ ಮೇಲೆ ಕೂರಿಸಿಕೊಳ್ಳುವವನ ಮೂಗಿಗೆ ಯಾವ ಮಗುವೂ ಗುದ್ದುವುದಿಲ್ಲ. ಕಾನೂನಿಗೂ ಇದು ಗೊತ್ತು. ವಿಷಯ ತಿಳಿದವರು ದೂರು ಕೊಡಲೇಬೇಕು, ಸುಮ್ಮನಿದ್ದರೆ ಶಿಕ್ಷೆ ಎನ್ನುವ ಅದೇ ಕಾಯ್ದೆ, ಈ ಶಿಕ್ಷೆ ಮಗುವಿಗೆ ಅನ್ವಯಿಸುವುದಿಲ್ಲ ಎಂದೂ ಬರೆದಿಟ್ಟಿದೆ. ಕಾಯುವ ಹೊಣೆ ದೊಡ್ಡವರದು ಎಂದು ಸಂಸತ್ತು ತೀರ್ಮಾನಿಸಿದ್ದನ್ನು ನಾವು ಒಂದು ಫ್ಲೆಕ್ಸಿನಿಂದ ಎಲ್‌ಕೆಜಿ ಹುಡುಗಿಯ ಹೆಗಲಿಗೆ ದಾಟಿಸುತ್ತಿದ್ದೇವೆ. ನಾಳೆ ಏನಾದರೂ ಆದರೆ ‘ಕರಾಟೆ ಕಲಿತಿದ್ದೆಯಲ್ಲ, ಯಾಕೆ ಹೊಡೆಯಲಿಲ್ಲ?’ ಎಂದು ಕೇಳುವವರೂ ನಾವೇ.

ಸರ್ಕಾರ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕೊಡಿಸುವ, ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣೆ ತರಬೇತಿ ಶುರುವಾಗುವುದು ಆರನೇ ತರಗತಿಯಿಂದ. ಹನ್ನೊಂದು ವರ್ಷದವಳಿಗೆ ಅದರಿಂದ ಉಪಯೋಗವಿದೆ. ಅವಳಿಗೆ ಓಡುವ ಕಾಲಿದೆ, ಯಾವಾಗ ಓಡಬೇಕು ಎಂದು ತೂಗಿ ನೋಡುವ ಬುದ್ಧಿಯಿದೆ.

ಇಷ್ಟೆಲ್ಲ ಗಟ್ಟಿಯಾಗಿ ಹೇಳುವ ನಾನೇ ಒಂದು ಕಾಲಕ್ಕೆ ಆ ಫ್ಲೆಕ್ಸಿನವರಿಗಿಂತ ಹೆಚ್ಚು ಬುದ್ಧಿವಂತೆಯೇನಾಗಿರಲಿಲ್ಲ. ಹದಿನಾಲ್ಕು ವರ್ಷದ ಹಿಂದಿನ ಮಾತು. ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಐದು ವರ್ಷದ ಹುಡುಗನಿಂದ ಹಂಚು ಒಡೆಸಿದೆ. ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಕುಣಿಯಬೇಕಾದವನು ವೇದಿಕೆಯ ನಡುವೆ ಕುದುರೆ ನಿಲುವಿನಲ್ಲಿ ನಿಂತು ‘ಹ್ಹಾ!’ ಎಂದು ಮುಷ್ಟಿ ಇಳಿಸಿದ, ಮಂಗಳೂರು ಹಂಚು ಎರಡು ಹೋಳಾಯಿತು, ಮೈದಾನ ಚಪ್ಪಾಳೆಯಿಂದ ಕಿತ್ತುಹೋಯಿತು. ಹಿಂದಿನ ರಾತ್ರಿ ಆ ಹಂಚಿನ ಅಡಿಯನ್ನು ಗರಗಸದಿಂದ ಗೀರಿಟ್ಟವಳು ನಾನೇ. ನಮ್ಮ ಕಸುಬಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. ಗೊತ್ತಿಲ್ಲದವನು ಅವನೊಬ್ಬನೇ.

ಮೂರನೆಯ ದಿನ ಅವನು ಹಿತ್ತಿಲಲ್ಲಿ ಬಿದ್ದಿದ್ದ ಹಂಚೊಂದನ್ನು ಎರಡು ಇಟ್ಟಿಗೆಗಳ ಮೇಲಿಟ್ಟು, ಅಜ್ಜಿಯನ್ನು ಕರೆದು ಎದುರು ಕೂರಿಸಿ, ತನ್ನ ಪ್ರತಾಪ ತೋರಿಸಿದ. ಆ ಹಂಚನ್ನು ಯಾರೂ ಗೀರಿರಲಿಲ್ಲ.

ಆಸ್ಪತ್ರೆಗೆ ನಾನೂ ಓಡಿದೆ. ಎಲುಬಿನ ವೈದ್ಯರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಎಕ್ಸ್‌ರೇ ಹಾಳೆಯನ್ನು ದೀಪಕ್ಕೆ ಹಿಡಿದು ಹತ್ತಿರ ಕರೆದರು. ಮುಂಗೈ ಎಲುಬು ಮಣಿಕಟ್ಟಿನ ಹತ್ತಿರ ಒಂದು ಬದಿಗೆ ಹಸಿ ಕಡ್ಡಿಯ ಹಾಗೆ ಸೊಟ್ಟಗಾಗಿತ್ತು. ನಾನು ಅದನ್ನೇ ನೋಡುತ್ತಿದ್ದರೆ ಅವರು ಬೆರಳಿಟ್ಟು ತೋರಿಸಿದ್ದು ಬೇರೆ ಕಡೆ. ಮಣಿಕಟ್ಟಿನಲ್ಲಿ ದೊಡ್ಡವರಿಗೆ ಎಂಟು ಸಣ್ಣ ಎಲುಬುಗಳಿರುತ್ತವೆ. ಅವನ ಹಾಳೆಯಲ್ಲಿ ಆ ಜಾಗದಲ್ಲಿ ನಾಲ್ಕು ಬಿಳಿ ಚುಕ್ಕೆಗಳು ಮಾತ್ರ ತೇಲುತ್ತಿದ್ದವು, ಸುತ್ತ ಕಪ್ಪು ಬಯಲು. “ಉಳಿದವು ಇನ್ನೂ ಎಲುಬಾಗಿಲ್ಲ ಮೇಡಂ, ಮೆದು ಇವೆ. ಅದಕ್ಕೇ ಇಲ್ಲಿ ಕಾಣುತ್ತಿಲ್ಲ. ನೀವು ಇನ್ನೂ ಇಲ್ಲದ ಎಲುಬಿನಿಂದ ಹಂಚು ಒಡೆಸಲು ಹೋಗಿದ್ದೀರಿ,” ಎಂದರು. ಅವನ ಕೈ ನಾಲ್ಕು ವಾರದಲ್ಲಿ ಸರಿಹೋಯಿತು. ಆ ಕಪ್ಪು ಬಯಲು ನನ್ನ ಕಣ್ಣಿನಿಂದ ಹೋಗಿಲ್ಲ. ಎಳೆಯ ಮಕ್ಕಳನ್ನು ಮುಷ್ಟಿಯ ಗೆಣ್ಣಿನ ಮೇಲೆ ದಂಡ ಹೊಡೆಸುವ ವಿಡಿಯೊ ಯಾರಾದರೂ ಹೆಮ್ಮೆಯಿಂದ ಮೊಬೈಲಿಗೆ ಕಳುಹಿಸಿದರೆ ನಾನು ಪೂರ್ತಿ ನೋಡುವುದಿಲ್ಲ.

ನಾಚಿಕೆಯ ವಿಷಯವೆಂದರೆ ಇದನ್ನು ಎಕ್ಸ್‌ರೇ ನೋಡಿ ಕಲಿಯುವ ಅಗತ್ಯವೇ ನನಗಿರಲಿಲ್ಲ. ನನ್ನ ಅಜ್ಜ ಕುಂದಗೋಳದ ಕಡೆಯ ಒಂದು ಹಳ್ಳಿಯಲ್ಲಿ ಗರಡಿಮನೆಯ ವಸ್ತಾದರಾಗಿದ್ದರು. ಹೆಣ್ಣುಮಕ್ಕಳು ಒಳಗೆ ಕಾಲಿಡುವಂತಿರಲಿಲ್ಲ. ನಾನು ಹಿಂದಿನ ಕಿಟಕಿಯ ಸರಳು ಹಿಡಿದು ನೇತಾಡಿಕೊಂಡು ನೋಡಿದವಳು (ಕರಾಟೆಗೆ ಸೇರಿದ್ದರ ಹಿಂದೆ ಆ ಸಿಟ್ಟಿನ ಪಾಲೂ ಇದೆ). ಎಣ್ಣೆ, ಮಜ್ಜಿಗೆ, ನಿಂಬೆರಸ, ಅರಿಶಿನ ಬೆರೆಸಿ ಹದ ಮಾಡಿದ ಕೆಂಪು ಮಣ್ಣಿನ ವಾಸನೆ ಕಿಟಕಿಯ ತನಕ ಬರುತ್ತಿತ್ತು. ನನ್ನ ತಮ್ಮ ಐದು ವರ್ಷಕ್ಕೇ ಒಳಗಿದ್ದ. ಆದರೆ ಅವನಿಗೆ ಅಲ್ಲಿ ಇದ್ದ ಕೆಲಸವೇನು? ಮಣ್ಣು ಕೆದರಿ ಹುಡಿ ಮಾಡುವುದು, ಅದರಲ್ಲಿ ಲಾಗ ಹಾಕುವುದು, ದೊಡ್ಡವರ ಬಸ್ಕಿ ಎಣಿಸುವುದು, ಎಣಿಕೆ ತಪ್ಪಿ ಬೈಸಿಕೊಳ್ಳುವುದು. ಹನುಮಪ್ಪನಿಗೆ ಕೈಮುಗಿದು ಹೊರಬರುವಾಗ ತಲೆಯಿಂದ ಕಾಲಿನ ತನಕ ಕೆಂಪಾಗಿರುತ್ತಿದ್ದ. “ನನಗೂ ಒಂದು ಪಟ್ಟು ಕಲಿಸು ಅಜ್ಜ,” ಎಂದು ಅವನು ದುಂಬಾಲು ಬಿದ್ದರೆ ಅಜ್ಜ ಅವನ ತುಟಿ ಸರಿಸಿ ಹಲ್ಲು ನೋಡುತ್ತಿದ್ದರು. “ಇನ್ನೂ ಹಾಲುಹಲ್ಲೇ ಬಿದ್ದಿಲ್ಲ. ಹೋಗು, ಉರುಳಾಡು.” ಎತ್ತಿನ ವಯಸ್ಸು ತಿಳಿಯಲು ಸಂತೆಯಲ್ಲಿ ಹಲ್ಲು ನೋಡುವುದನ್ನು ಬಲ್ಲ ಮನುಷ್ಯ ಮೊಮ್ಮಗನಿಗೂ ಅದೇ ಅಳತೆ ಇಟ್ಟಿದ್ದರು. ನೊಗ ಯಾವಾಗ ಹೂಡಬೇಕು ಎಂದು ರೈತನಿಗೆ ಗೊತ್ತಿರುತ್ತದೆ. ನಮಗೆ ಯಾಕೋ ಗೊತ್ತಾಗುತ್ತಿಲ್ಲ.

ಕರಾಟೆಯ ಊರಿನವರೂ ಇದನ್ನು ಯೋಚಿಸಿದ್ದರು. ಜಪಾನಿನ ಒಕಿನಾವಾ ದ್ವೀಪದಲ್ಲಿ ಕರಾಟೆ ಗುರು ಇಟೋಸು ಅಂಕೋ 1901ರಲ್ಲಿ ಕರಾಟೆಯನ್ನು ಶಾಲೆಯ ಅಂಗಳಕ್ಕೆ ತಂದಾಗ ಹಳೆಯ ಕಟಾಗಳನ್ನು (ಹೊಡೆತ, ತಡೆಗಳನ್ನು ಕ್ರಮವಾಗಿ ಪೋಣಿಸಿದ ಅಭ್ಯಾಸಗಳನ್ನು) ಇದ್ದ ಹಾಗೆ ಮಕ್ಕಳ ಕೈಗೆ ಕೊಡಲಿಲ್ಲ. ಅಪಾಯದ್ದನ್ನು ತೆಗೆದು, ಸುಲಭ ಮಾಡಿ, ಶಾಲಾ ಮಕ್ಕಳಿಗೆಂದೇ ‘ಪಿನಾನ್’ ಎಂಬ ಸರಣಿ ಕಟ್ಟಿದರು. ಅದೂ ಶಾಲೆಗೆ ಹೋಗುವ ಮಕ್ಕಳಿಗೆ, ಬಾಲವಾಡಿಯವರಿಗಲ್ಲ.

ಬೆಲ್ಟುಗಳ ಕಥೆಯನ್ನೂ ಹೇಳಿಬಿಡುತ್ತೇನೆ. ಬಿಳಿ, ಹಳದಿ, ಕಿತ್ತಳೆ, ಹಸಿರು ಎಂಬ ಕಾಮನಬಿಲ್ಲು ಸಾವಿರ ವರ್ಷದ ಪರಂಪರೆ ಎಂದುಕೊಂಡಿರುವ ಪಾಲಕರನ್ನು ದಿನವೂ ನೋಡುತ್ತೇನೆ. 1882ರಲ್ಲಿ ಜೂಡೊ ಕಟ್ಟಿದ ಕಾನೊ ಜಿಗೊರೊ ಕಪ್ಪು ಬೆಲ್ಟನ್ನು ಚಾಲ್ತಿಗೆ ತಂದರು. ನಡುವಿನ ಬಣ್ಣಗಳು ಯುರೋಪಿನಲ್ಲಿ 1930ರ ದಶಕದಲ್ಲಿ ಬೇರೂರಿದವು, ಕಲಿಯುವವರಿಗೆ ಬೇಸರ ಬಾರದಿರಲೆಂದು. ಅದರಲ್ಲೇನೂ ತಪ್ಪಿಲ್ಲ. ತಪ್ಪು ಇರುವುದು ಮೂರು ತಿಂಗಳಿಗೊಂದು ಪರೀಕ್ಷೆ ಇಟ್ಟು, ಪರೀಕ್ಷೆಗೆ ಒಂದು ಶುಲ್ಕ, ಬೆಲ್ಟಿಗೆ ಇನ್ನೊಂದು, ಪ್ರಮಾಣಪತ್ರಕ್ಕೆ ಮತ್ತೊಂದು ಎಂದು, ಯುಕೆಜಿ ಮುಗಿಯುವಷ್ಟರಲ್ಲಿ ಮಗುವನ್ನು ಹಸಿರು ಬೆಲ್ಟಿನ ತನಕ ಎಳೆದು ತರುವುದರಲ್ಲಿ. ತನ್ನ ಶೂ ಲೇಸು ಕಟ್ಟಲು ಬಾರದ ಮಗುವಿನ ಸೊಂಟಕ್ಕೆ ಆ ಬೆಲ್ಟನ್ನು ಪ್ರತಿ ದಿನ ತಾಯಿಯೇ ಕಟ್ಟಬೇಕು. ಕೊರಿಯಾದ ಕಾದಾಟದ ಕಲೆ ಟೇಕ್ವಾಂಡೊದವರ ಕುಕ್ಕಿವಾನ್ ಸಂಸ್ಥೆ 15 ವರ್ಷದೊಳಗಿನವರಿಗೆ ಕಪ್ಪು ಬೆಲ್ಟಿನ ದರ್ಜೆಯನ್ನು ಬೇರೆ ಹೆಸರಿನಲ್ಲಿ, ‘ಪೂಮ್’ ಎಂದು ಕೊಡುತ್ತದೆ. ಮಗುವಿನ ಸಾಧನೆ ಬೇರೆ, ದೊಡ್ಡವರದು ಬೇರೆ ಎಂಬ ಅಷ್ಟು ವಿವೇಕವಾದರೂ ನಮ್ಮ ಬೆಲ್ಟ್ ಅಂಗಡಿಗಳಿಗೆ ಬರಲಿ.

ಇನ್ನು ಪಂದ್ಯಾವಳಿಗಳು. ಜೂಡೊದ ತವರಾದ ಜಪಾನಿನಲ್ಲಿಯೇ ಪ್ರಾಥಮಿಕ ಶಾಲಾ ಮಕ್ಕಳ ರಾಷ್ಟ್ರೀಯ ಜೂಡೊ ಪಂದ್ಯವನ್ನು ಅಲ್ಲಿನ ಜೂಡೊ ಒಕ್ಕೂಟ 2022ರಲ್ಲಿ ರದ್ದು ಮಾಡಿತು. ಗೆಲುವಿನ ಹುಚ್ಚು ವಿಪರೀತವಾಗಿ ಎಳೆಯ ಮಕ್ಕಳ ತೂಕ ಇಳಿಸುವುದು, ಪಾಲಕರು ಬದಿಯಲ್ಲಿ ನಿಂತು ಕೂಗಾಡುವುದು ನಡೆಯುತ್ತಿತ್ತು ಎಂಬುದು ಕಾರಣ. ಅವರು ನಿಲ್ಲಿಸಿದ್ದನ್ನು ನಾವು ಐದು ವರ್ಷದವರಿಗೆ ಆರಂಭಿಸುತ್ತಿದ್ದೇವೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಈ ಕಲೆಗಳ ಬಗ್ಗೆ ವರದಿ ಕೊಟ್ಟಾಗಲೂ ಎದುರಾಳಿಯ ಮೈ ತಾಗದ ಅಭ್ಯಾಸವೇ ಸುರಕ್ಷಿತ, ತಲೆಗೆ ಏಟು ಬೀಳುವುದು ಕೂಡದು ಎಂದೇ ಹೇಳಿತ್ತು. ಇಷ್ಟಕ್ಕೆ ಈ ಮಾತು ಸಾಕು. ವಿದೇಶದ ವರದಿಗಿಂತ ನನಗೆ ಅಜ್ಜನ ಹಲ್ಲಿನ ಲೆಕ್ಕವೇ ಹೆಚ್ಚು ನೆನಪಿರುತ್ತದೆ.

ಹಾಗಾದರೆ ನಾನು ಶನಿವಾರ ಆ ಹನ್ನೆರಡು ಮಕ್ಕಳಿಗೆ ಏನು ಕಲಿಸುತ್ತೇನೆ? ಬೀಳುವುದನ್ನು.

ಕರಾಟೆಯಲ್ಲಿ ಇದಕ್ಕೆ ಅಷ್ಟು ಮಹತ್ವವಿಲ್ಲ. ನಾನು ಜೂಡೊದಿಂದ ಕದ್ದಿದ್ದೇನೆ, ಅವರು ಉಕೆಮಿ ಎನ್ನುತ್ತಾರೆ. ಮಕ್ಕಳು ಮ್ಯಾಟಿನ ಮೇಲೆ ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ಗಲ್ಲ ಎದೆಗೆ ಒತ್ತಬೇಕು. ‘ಗಲ್ಲ’ ಎಂದರೆ ಮರೆಯುತ್ತಾರೆ, ‘ಹೊಕ್ಕಳು ನೋಡಿಕೊಳ್ಳಿ’ ಎಂದರೆ ಎಲ್ಲರೂ ಕಿಲಕಿಲ ನಗುತ್ತ ತಲೆ ಬಗ್ಗಿಸುತ್ತಾರೆ. ಬೆನ್ನು ತೆಂಗಿನಕಾಯಿಯ ಹಾಗೆ ದುಂಡಗೆ. ಹಾಗೇ ಹಿಂದಕ್ಕೆ ಉರುಳಿ, ಬೆನ್ನು ನೆಲ ಮುಟ್ಟುವ ಹೊತ್ತಿಗೇ ಎರಡೂ ಅಂಗೈಯಿಂದ ಮ್ಯಾಟನ್ನು ಪಟ್ಟೆಂದು ಬಡಿಯಬೇಕು. ಬಿದ್ದ ರಭಸ ಅಂಗೈಯಿಂದ ಹರಿದುಹೋಗುತ್ತದೆ, ತಲೆ ನೆಲಕ್ಕೆ ತಾಗುವುದಿಲ್ಲ. ಮೊದಮೊದಲು ಅವರು ಕೈಯನ್ನು ಹಿಂದಕ್ಕೆ ಊರುತ್ತಿದ್ದರು, ಮಣಿಕಟ್ಟಿಗೆ ಪೆಟ್ಟಾಗುವುದು ಅಲ್ಲಿಯೇ. ಜಪಾನಿ ಹೆಸರು ಹೇಳಿದೆ, ಕನ್ನಡದಲ್ಲಿ ವಿವರಿಸಿದೆ, ಬಡಿದು ತೋರಿಸಿದೆ. ಆಗಲಿಲ್ಲ. ಕೊನೆಗೆ ಒಬ್ಬ ಹುಡುಗಿಯೇ ದಾರಿ ತೋರಿಸಿದಳು: “ಮೇಡಂ, ನಮ್ಮ ಆಯಿ ರೊಟ್ಟಿ ಬಡಿದ ಹಾಗೆ!” ಅಷ್ಟೇ. ಮನೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿ ಬೆಳೆದವರು. ಅಂದಿನಿಂದ ನಮ್ಮಲ್ಲಿ ಉಕೆಮಿಗೆ ‘ರೊಟ್ಟಿ’ ಎಂದೇ ಹೆಸರು. ಹನ್ನೆರಡು ಮಕ್ಕಳು ಒಮ್ಮೆಲೇ ಉರುಳಿ ‘ರೊಟ್ಟಿ!’ ಎಂದು ಕೂಗಿ ಬಡಿದರೆ ಪಕ್ಕದ ಗಿರಣಿಯವರು ಹಿಟ್ಟಿನ ಕೈಯಲ್ಲೇ ಇಣುಕಿ ನೋಡುತ್ತಾರೆ.

ಆಮೇಲೆ ನಿಲ್ಲುವ ಆಟ. ಹಾಲಿನ ತುಂಬ ಓಡುತ್ತಿರುವಾಗ ನಾನು ‘ಯಾಮೆ’ ಎಂದರೆ ಇದ್ದ ಜಾಗದಲ್ಲಿಯೇ ಗೊಂಬೆಯಾಗಬೇಕು. ನಾಲ್ಕು ವರ್ಷದವರಿಗೆ ಒದೆಯುವುದಕ್ಕಿಂತ ಇದು ಕಷ್ಟ. ಎತ್ತಿದ ಕಾಲನ್ನು ಎತ್ತಿದಲ್ಲೇ ಹಿಡಿಯಲು ಮೂಗಿನ ಹೊಳ್ಳೆ ಅರಳಿಸಿ ಹೆಣಗುವ ಮುಖ ನೋಡಬೇಕು ನೀವು. ಅಮೆರಿಕದ ಶಾಲೆಯೊಂದರಲ್ಲಿ ಟೇಕ್ವಾಂಡೊ ಕಲಿತ ಮಕ್ಕಳಿಗೆ ಮಾಮೂಲಿ ಆಟದ ಅವಧಿಯ ಮಕ್ಕಳಿಗಿಂತ ತಮ್ಮನ್ನು ತಾವು ಹಿಡಿದಿಟ್ಟುಕೊಳ್ಳುವ ಗುಣ ಹೆಚ್ಚಿತು ಎಂದು 2004ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ನಾನು ನಂಬುತ್ತೇನೆ. ಅದು ಮುಷ್ಟಿಯಿಂದ ಬಂದದ್ದಲ್ಲ, ‘ಯಾಮೆ’ಯಿಂದ ಬಂದದ್ದು ಎಂಬುದು ನನ್ನ ಅನುಭವದ ಮಾತು.

ಕೊನೆಯ ಐದು ನಿಮಿಷ ಕೂಗುವುದು. ಹೊಟ್ಟೆಯಿಂದ ‘ಬೇಡ!’ ಎನ್ನುವುದು, ಕೈ ಬಿಡಿಸಿಕೊಂಡು ತನ್ನವರ ಹತ್ತಿರ ಓಡುವುದು, ಓಡಿಹೋಗಿ ನಡೆದದ್ದನ್ನು ಹೇಳುವುದು. ಇಲ್ಲಿ ನಾನು ಪಾಲಕರನ್ನೂ ಮ್ಯಾಟಿನ ಮೇಲೆ ಕೂರಿಸುತ್ತೇನೆ. ಮಗು ಓಡಿ ಬಂದು ಏನನ್ನೋ ಹೇಳಿದಾಗ ಮೊಬೈಲಿನಿಂದ ಕಣ್ಣು ತೆಗೆದು ಪೂರ್ತಿ ಕೇಳಬೇಕು. ಅದು ಅವರ ಅಭ್ಯಾಸ. ಬಹಳ ಜನ ಮೊದಲ ಸಲ ನಪಾಸಾಗುತ್ತಾರೆ. ಒಬ್ಬ ತಂದೆ, ಬ್ಯಾಂಕಿನಲ್ಲಿ ಕೆಲಸ, ‘ಮಕ್ಕಳಿಗೆ ಕಲಿಸಿ ಅಂದರೆ ನಮಗೆ ಕಲಿಸುತ್ತೀರಲ್ಲ ಮೇಡಂ’ ಎಂದು ಸಿಡುಕಿ ಎದ್ದುಹೋದರು. ಮುಂದಿನ ವಾರ ಬಂದರು.

ಬೆಲ್ಟ್ ಪರೀಕ್ಷೆ ಇಲ್ಲ. ಜೋಡಿ ಕಾದಾಟವಿಲ್ಲ. ಒದೆಯಲು ಹಳೆಯ ತಲೆದಿಂಬು ಇದೆ, ಸೊಂಟಕ್ಕಿಂತ ಮೇಲೆ ಕಾಲು ಎತ್ತುವಂತಿಲ್ಲ.

ಈ ಮಾದರಿಯನ್ನು ಒಂದು ಶಾಲೆಯವರಿಗೆ ವಿವರಿಸಿದಾಗ ಅಲ್ಲಿನ ವ್ಯವಸ್ಥಾಪಕರು ಸೌಜನ್ಯದಿಂದಲೇ ಕೇಳಿಸಿಕೊಂಡು, “ಒಳ್ಳೆಯದೇ ಮೇಡಂ. ಆದರೆ ಬೀಳುವುದನ್ನು ವಾರ್ಷಿಕೋತ್ಸವದಲ್ಲಿ ಹೇಗೆ ತೋರಿಸುವುದು?” ಎಂದರು. ಅವರನ್ನು ದೂರುವುದಿಲ್ಲ. ಪಾಲಕರು ಕೇಳುತ್ತಾರೆ, ಪಕ್ಕದ ಶಾಲೆ ಕೊಡುತ್ತದೆ, ಇವರು ಬಿಟ್ಟರೆ ಪ್ರವೇಶ ಕಡಿಮೆಯಾಗುತ್ತದೆ. ಅದಕ್ಕಾಗಿಯೇ ಈ ಪತ್ರ ಇಲಾಖೆಯ ಹೆಸರಿಗೂ ಇದೆ.

ಉಪನಿರ್ದೇಶಕರೇ, ಮೂರರಿಂದ ಎಂಟು ವರ್ಷದ ತನಕ ಆಟದ ಮೂಲಕವೇ ಕಲಿಕೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಹಾಗಿದ್ದ ಮೇಲೆ ಆರು ವರ್ಷದೊಳಗಿನ ಮಕ್ಕಳ ಜಾಹೀರಾತಿನಲ್ಲಿ ‘ಆತ್ಮರಕ್ಷಣೆ’ ಎಂಬ ಪದ ಬಳಸಬಾರದು ಎಂದು ಒಂದು ಸುತ್ತೋಲೆ ಹೊರಡಿಸಿ. ಆ ಒಂದು ಪದ ಹೋದರೆ ಅರ್ಧ ವ್ಯಾಪಾರ ತಾನಾಗಿಯೇ ಇಳಿಯುತ್ತದೆ. ಹಂಚು ಒಡೆಯುವುದು, ಗೆಣ್ಣಿನ ಮೇಲಿನ ದಂಡ, ಮೈಗೆ ಮೈ ತಾಗಿಸುವ ಕಾದಾಟ ಈ ವಯಸ್ಸಿಗೆ ಬೇಡವೆಂದು ಅದರಲ್ಲೇ ಬರೆಯಿರಿ. ಕಲಿಸುವವರು ಯಾರು ಎಂದು ವಿಚಾರಿಸಿ. ಕಪ್ಪು ಬೆಲ್ಟ್ ಕೊಡುವ ಸಂಘಗಳು ಹತ್ತಾರಿವೆ, ಒಂದರ ಪತ್ರ ಇನ್ನೊಂದರ ಲೆಕ್ಕಕ್ಕಿಲ್ಲ. ಬೆಲ್ಟಿಗಿಂತ ಮೊದಲು ಪೊಲೀಸ್ ಪರಿಶೀಲನಾ ಪತ್ರ ಕೇಳಿ. ಈ ಕಲೆಯಲ್ಲಿ ಮಗುವಿನ ಸೊಂಟ, ತೊಡೆ, ಭುಜ ಹಿಡಿದು ನಿಲುವು ತಿದ್ದಬೇಕಾಗುತ್ತದೆ. ಆದ್ದರಿಂದಲೇ ವರ್ಗದ ಬಾಗಿಲು ತೆರೆದಿರಲಿ, ಒಬ್ಬ ಆಯಾ ಅಥವಾ ಶಿಕ್ಷಕಿ ಒಳಗಿರಲಿ, ಬೇಕೆನಿಸಿದ ಪಾಲಕರು ಯಾವಾಗ ಬೇಕಾದರೂ ಕುಳಿತು ನೋಡಲಿ. ನನ್ನನ್ನೂ ಸೇರಿಸಿ ಯಾರಿಗೂ ವಿನಾಯಿತಿ ಬೇಡ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಗೋಡೆಯ ಮೇಲೆ ಇರಲಿ, ಕರಾಟೆ ಮಾಸ್ಟರ ಫೋಟೊಕ್ಕಿಂತ ದೊಡ್ಡದಾಗಿ.

ಅಂಗನವಾಡಿಯ ಮಕ್ಕಳನ್ನು ಈ ಮಾತಿನಿಂದ ಹೊರಗಿಡಬೇಡಿ. ಮೂರು ನಾಲ್ಕು ವರ್ಷದ ಮಗು ದಿನಕ್ಕೆ 180 ನಿಮಿಷವಾದರೂ ಮೈ ಆಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅಂಗನವಾಡಿಗೆ ಒಂದು ಕೋಣೆ ಸಿಕ್ಕಿದ್ದೇ ಹೆಚ್ಚು ಎನ್ನುವ ಕಡೆ ಅದು ಎಲ್ಲಿಂದ ಬರಬೇಕು? ಬೀಳುವುದನ್ನು ಕಲಿಸಲು ಕರಾಟೆ ಮಾಸ್ಟರ್ ಬೇಕಿಲ್ಲ. ಎರಡು ಹಳೆಯ ಗಾದಿ, ಮೇಲೊಂದು ಜಮಖಾನೆ ಸಾಕು. ಧಾರವಾಡದ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಒಂದು ದಿನದ ತರಬೇತಿ ಇಟ್ಟರೆ ಕಾರ್ಯಕರ್ತೆಯರು ಮಧ್ಯಾಹ್ನದೊಳಗೆ ಕಲಿಯುತ್ತಾರೆ. ಕಲಿಸಲು ನಾನು ಬರುತ್ತೇನೆ, ಬಸ್ ಚಾರ್ಜನ್ನೂ ಕೇಳುವುದಿಲ್ಲ.

ನಂಬಿಕೆ ಬಾರದಿದ್ದರೆ ಯಾವ ಶನಿವಾರವಾದರೂ ಬೆಳಿಗ್ಗೆ ಏಳೂವರೆಗೆ ಬನ್ನಿ, ಮೊದಲೇ ತಿಳಿಸಬೇಕಿಲ್ಲ. ಮ್ಯಾಟಿನ ಅಂಚಿನಲ್ಲಿ ಕುರ್ಚಿ ಇರುವುದಿಲ್ಲ, ನೆಲದ ಮೇಲೆ ಕೂರಬೇಕಾಗುತ್ತದೆ. ಚಪ್ಪಲಿ ಹೊರಗೇ ಬಿಡಿ. ಮರೆತರೆ ಒಂದನೇ ಸಾಲಿನಲ್ಲಿರುವ ನಾಲ್ಕೂವರೆ ವರ್ಷದವಳು ಇಡೀ ವರ್ಗ ನಿಲ್ಲಿಸಿ ನಿಮಗೆ ‘ಯಾಮೆ’ ಹೇಳುತ್ತಾಳೆ.

ಇಂತಿ ತಮ್ಮ ವಿಶ್ವಾಸಿ,
ಕರಾಟೆ ಕಲಿಸುವ ಒಬ್ಬ ಶಿಕ್ಷಕಿ
ಹುಬ್ಬಳ್ಳಿ